ವಕಾಲತ್ತು ಮರಳಿಸುವ ಹೊತ್ತು

ತಾಳಮದ್ದಳೆಯ ಕೂಟಗಳಲ್ಲಿ ರಾತ್ರಿ ಕಳೆದವರಿಗೆ ಒಂದು ಸಂಕಟದ ಗಳಿಗೆ ಪರಿಚಿತವಾದುದು. ಅರ್ಥ ಹೇಳುತ್ತಿರುವವರು ಹಿರಿಯರು, ಹೆಸರಾಂತವರು. ಒಂದು ಕಾಲದಲ್ಲಿ ಅವರ ಮಾತು ಕೇಳಲೆಂದೇ ಜನ ಸೂಟೆ ಹಿಡಿದು ಗುಡ್ಡ ಹತ್ತಿಳಿದು ಬರುತ್ತಿದ್ದರು. ಇಂದು ಪಾತ್ರದ ಮಾತು ಮುಗಿದಿದೆ. ಅವರು ಮಾತ್ರ ಮುಗಿಸಿಲ್ಲ. ಭಾಗವತರು ಮುಂದಿನ ಪದಕ್ಕೆ ಅಣಿಯಾಗಿ ಜಾಗಟೆಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಾರೆ. ಎದುರು ಸಾಲಿನ ಕಿರಿಯ ಅರ್ಥಧಾರಿ, ಹೇಳಬೇಕಾದುದನ್ನು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡು, ತಲೆ ತಗ್ಗಿಸಿ ಕುಳಿತಿದ್ದಾರೆ. ಸಭೆ ಗೌರವದಿಂದ ಸುಮ್ಮನಿದೆ. ಆ ಮೌನವನ್ನು ಹಿರಿಯರು ಮೆಚ್ಚುಗೆಯೆಂದೇ ಬಗೆಯುತ್ತಾರೆ.

ಸಾರ್ವಜನಿಕ ಜೀವನದಲ್ಲಿಯೂ ಇಂತಹ ಗಳಿಗೆಗಳು ಬರುತ್ತವೆ. ಅಲ್ಲಿ ಜಾಗಟೆ ಹಿಡಿದ ಭಾಗವತರೂ ಇರುವುದಿಲ್ಲ. ಐವತ್ತು ವರ್ಷ ಜನರ ನಡುವೆ ಬದುಕಿದ ರಾಜಕಾರಣಿಗೆ ಇನ್ನು ಸಾಕು ಎಂದು ಯಾರು ಹೇಳಬೇಕು? ಹಿಂಬಾಲಕರು ಹೇಳಲಾರರು, ಅವರ ಅನ್ನ ಅಲ್ಲಿದೆ. ವಿರೋಧಿಗಳು ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಮನೆಯವರು ಹೇಳಿದರೆ ಅದು ಮಮತೆಯ ಮಾತೆಂದು ಬದಿಗೆ ಸರಿಯುತ್ತದೆ. ಕಡೆಗೆ ಉಳಿಯುವುದು ಮತದಾರ ಅಥವಾ ಮೃತ್ಯು. ಇವೆರಡರಲ್ಲಿ ಒಂದು ಬಂದು ಬಾಗಿಲು ತಟ್ಟುವ ಮೊದಲೇ ತಾನಾಗಿ ಎದ್ದು ಹೋದವರ ಪಟ್ಟಿ ನಮ್ಮ ದೇಶದಲ್ಲಿ ಚಿಕ್ಕದು. ಚಿಕ್ಕದಾದುದರಿಂದಲೇ ಅಂಥವರು ಏಕೆ ಎದ್ದು ಹೋದರು ಎಂಬುದನ್ನು ವಿಚಾರಿಸುವುದು ಅಗತ್ಯ.

ಕಾನೂನಿನಲ್ಲಿ ಇದಕ್ಕೆ ಉತ್ತರ ಹುಡುಕುವವರಿಗೆ ನಿರಾಶೆ ಕಾದಿದೆ. ಕೇರಳದಲ್ಲಿ ಹೆಚ್ಚಿನ ಸರಕಾರಿ ನೌಕರರು 56ನೆಯ ವಯಸ್ಸಿಗೆ ಕಡತ ಕಟ್ಟಿಟ್ಟು ಮನೆಗೆ ಹೋಗಬೇಕು. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೆ 62, ಸರ್ವೋಚ್ಚ ನ್ಯಾಯಾಲಯದವರಿಗೆ 65 ಎಂದು ಸಂವಿಧಾನವೇ ಗೆರೆ ಎಳೆದಿದೆ. ಶಾಸಕ, ಸಂಸದರ ವಿಷಯದಲ್ಲಿ ಮಾತ್ರ ಅದು ಹೊಸ್ತಿಲನ್ನು ತೋರಿಸಿ ಹಿತ್ತಿಲ ಬಾಗಿಲನ್ನು ತೋರಿಸದೆ ಬಿಟ್ಟಿದೆ: ವಿಧಾನಸಭೆಗೂ ಲೋಕಸಭೆಗೂ ಕನಿಷ್ಠ 25 ವರ್ಷ, ರಾಜ್ಯಸಭೆಗೆ ಕನಿಷ್ಠ 30. ಗರಿಷ್ಠವೆಂಬ ಮಾತೇ ಇಲ್ಲ. ಹೀಗಾಗಿ 56ರ ಗುಮಾಸ್ತ ಕಣ್ಣು ಮಂಜಾಯಿತೆಂಬ ಅನುಮಾನಕ್ಕೆ ಮನೆಗೆ ಹೋಗುತ್ತಾನೆ. ಅವನು ಸಿದ್ಧಪಡಿಸಿದ ಟಿಪ್ಪಣಿಗೆ 80ರ ಮಂತ್ರಿ ಸಹಿ ಹಾಕುತ್ತಾರೆ.

ರಾಜೀನಾಮೆಯ ಬಗ್ಗೆ ಸಂವಿಧಾನ ಎಚ್ಚರದಿಂದ ಮಾತಾಡಿದೆ. ಸದಸ್ಯರನ್ನು ಬೆದರಿಸಿ, ಘೇರಾಯಿಸಿ ರಾಜೀನಾಮೆ ಬರೆಯಿಸಿಕೊಳ್ಳುವ ಪ್ರಸಂಗಗಳು ನಡೆದ ಮೇಲೆ, 1974ರ 33ನೆಯ ತಿದ್ದುಪಡಿಯಿಂದ ಹೊಸ ಕಟ್ಟಳೆ ಬಂತು: ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂದು ಸಭಾಧ್ಯಕ್ಷರು ತೃಪ್ತಿಪಟ್ಟುಕೊಳ್ಳಬೇಕು. ನಿವೃತ್ತಿ ಎಂಬ ಮಾತು ಚುನಾಯಿತ ಪ್ರತಿನಿಧಿಗಳ ಸಂಬಂಧದಲ್ಲಿ ಬರುವುದು ಮೇಲ್ಮನೆಗಳ ಪ್ರಸ್ತಾಪದಲ್ಲಿ. ರಾಜ್ಯಸಭೆಯ ಸದಸ್ಯರಲ್ಲಿ ಸುಮಾರು ಮೂರನೆಯ ಒಂದು ಪಾಲು ಪ್ರತಿ ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ ಎನ್ನುತ್ತದೆ 83ನೆಯ ವಿಧಿ. ಅದು ಅವಧಿಯ ನಿವೃತ್ತಿ, ವ್ಯಕ್ತಿಯದಲ್ಲ. ಬೆಳಗ್ಗೆ ನಿವೃತ್ತರಾದವರು ಪಕ್ಷದ ಕೃಪೆಯಿದ್ದರೆ ಅದೇ ಆಸನಕ್ಕೆ ಮತ್ತೆ ಪ್ರಮಾಣವಚನ ಸ್ವೀಕರಿಸಬಹುದು.

ಕಾನೂನಿನ ಇನ್ನೊಂದು ಮೂಲೆಯಲ್ಲಿ, ರಾಜಕಾರಣಕ್ಕೆ ಸಂಬಂಧವಿಲ್ಲದೆಡೆಯಲ್ಲಿ, ಈ ಪ್ರಶ್ನೆಗೆ ಹತ್ತಿರವಾದ ಒಂದು ನಿಯಮವಿದೆ. ಭಾರತೀಯ ವಕೀಲರ ಪರಿಷತ್ತಿನ ವೃತ್ತಿನಿಯಮಗಳ ಪ್ರಕಾರ, ಒಮ್ಮೆ ಒಪ್ಪಿಕೊಂಡ ವಕಾಲತ್ತಿನಿಂದ ವಕೀಲ ಸುಮ್ಮನೆ ಹಿಂದೆ ಸರಿಯುವಂತಿಲ್ಲ. ಸರಿಯಬೇಕಾದರೆ ಸಾಕಷ್ಟು ಕಾರಣವಿರಬೇಕು. ಕಕ್ಷಿದಾರನಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳುವಷ್ಟು ಮುನ್ಸೂಚನೆ ಕೊಟ್ಟಿರಬೇಕು. ತಾನು ದುಡಿಯದೆ ಪಡೆದ ಶುಲ್ಕದ ಭಾಗವನ್ನು ಮರಳಿಸಬೇಕು. ಪ್ರತಿನಿಧಿಯ ಸ್ಥಾನವೂ ಒಂದು ವಕಾಲತ್ತೇ. ಜನರ ಪರವಾಗಿ ಮಾತಾಡುವ ಅಧಿಕಾರಪತ್ರ ಅದು, ಜನ್ಮದ ಹಕ್ಕುಪತ್ರವಲ್ಲ. ಆದುದರಿಂದ ಕಾರಣ, ಮುನ್ಸೂಚನೆ, ಬಾಕಿಯ ಸಂದಾಯ ಎಂಬ ಈ ಮೂರು ಅಳತೆಗಳನ್ನು ರಾಜಕಾರಣಿಯ ನಿವೃತ್ತಿಗೂ ಹಿಡಿದು ನೋಡಬಹುದು. ಕೇರಳದ ಗಡಿಯಲ್ಲಿ ಬದುಕುವ ಕನ್ನಡಿಗರು ಕಣ್ಣಾರೆ ಕಂಡ ಒಬ್ಬರ ಜೀವನ ಇದಕ್ಕೆ ಒಳ್ಳೆಯ ಉದಾಹರಣೆ: ಎ.ಕೆ. ಆಂಟನಿ.

ಆಂಟನಿಯವರು ಹುಟ್ಟಿದ್ದು 1940ರ ಡಿಸೆಂಬರ್ 28ರಂದು, ಆಲಪ್ಪುಳದ ಕಡೆಯ ಚೇರ್ತಲದಲ್ಲಿ. ಎರ್ನಾಕುಳಂನ ಮಹಾರಾಜಾಸ್ ಕಾಲೇಜಿನಲ್ಲಿ ಪದವಿ, ಅಲ್ಲಿನ ಸರಕಾರಿ ಕಾನೂನು ಕಾಲೇಜಿನಲ್ಲಿ ವಕೀಲಿಯ ವಿದ್ಯೆ. ವಿದ್ಯಾರ್ಥಿ ಸಂಘಟನೆಯಿಂದ ಮೇಲೆ ಬಂದು 1970ರಲ್ಲಿ ಶಾಸಕರಾದರು. 1977ರ ಏಪ್ರಿಲ್‌ನಲ್ಲಿ, ತುರ್ತು ಪರಿಸ್ಥಿತಿಯ ಕಾಲದ ರಾಜನ್ ಪ್ರಕರಣದಿಂದಾಗಿ ಕೆ. ಕರುಣಾಕರನ್ ಮುಖ್ಯಮಂತ್ರಿ ಪದವಿ ಬಿಡಬೇಕಾಗಿ ಬಂದಾಗ, 36 ವರ್ಷದ ಆಂಟನಿ ಆ ಕುರ್ಚಿಗೆ ಬಂದರು. ಆಗ ಅವರು ಶಾಸಕರೂ ಆಗಿರಲಿಲ್ಲ. ಆರು ತಿಂಗಳೊಳಗೆ ಗೆದ್ದು ಬರಬೇಕೆಂಬ ಸಂವಿಧಾನದ ನಿಯಮದಂತೆ ಕಳಕ್ಕೂಟ್ಟಂ ಉಪಚುನಾವಣೆಯಲ್ಲಿ ಗೆದ್ದರು.

ಆ ಕುರ್ಚಿಯನ್ನು ಅವರು ಬಿಟ್ಟದ್ದು ಕನ್ನಡ ನಾಡಿನ ಒಂದು ಚುನಾವಣೆಯ ದೆಸೆಯಿಂದ. ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರು 1978ರಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತರು. ಕಾಂಗ್ರೆಸ್ ಒಡೆದು ಎರಡಾಗಿದ್ದ ಕಾಲ ಅದು. ಇಂದಿರಾ ಅವರನ್ನು ಬೆಂಬಲಿಸುವ ತನ್ನ ಪಕ್ಷದ ನಿಲುವನ್ನು ಒಪ್ಪಲಾರದೆ ಆಂಟನಿಯವರು ಅಕ್ಟೋಬರ್ ಕೊನೆಯಲ್ಲಿ ಮುಖ್ಯಮಂತ್ರಿ ಸ್ಥಾನ ತ್ಯಜಿಸಿದರು. ಅಧಿಕಾರಕ್ಕೆ ಬಂದು ಒಂದೂವರೆ ವರ್ಷವಾಗಿತ್ತಷ್ಟೆ. ಕುದುರೆಮುಖದಾಚೆಯ ಕಾಫಿತೋಟಗಳ ನಾಡಿನ ಮತಪೆಟ್ಟಿಗೆಗಾಗಿ ತಿರುವನಂತಪುರದಲ್ಲಿ ಸರಕಾರದ ಮುಖ ಬದಲಾಯಿತು. ಕೆಲ ವರ್ಷಗಳ ಬಳಿಕ ಅವರು ಇಂದಿರಾ ಅವರ ಕಾಂಗ್ರೆಸ್ಸಿಗೇ ಮರಳಿದರೆಂಬುದೂ ನಿಜ. ಆದರೆ ಬಿಟ್ಟು ಹೋಗುವ ಕಾಲಕ್ಕೆ ಮರಳುವ ದಾರಿ ಕಾಣುತ್ತಿರಲಿಲ್ಲ.

ಎರಡನೆಯ ಸಲ ತೊಂಬತ್ತರ ದಶಕದಲ್ಲಿ. ಕೇಂದ್ರದಲ್ಲಿ ನಾಗರಿಕ ಸರಬರಾಜು ಖಾತೆ ಅವರ ಕೈಯಲ್ಲಿದ್ದಾಗ ಸಕ್ಕರೆ ಆಮದಿನ ವಿವಾದ ಎದ್ದಿತು. ಅವರು ಮಂತ್ರಿಪದವಿ ಬಿಟ್ಟರು. ಮೂರನೆಯದು 2004ರಲ್ಲಿ. ಲೋಕಸಭೆಯ 20 ಸ್ಥಾನಗಳಲ್ಲಿ ಕೇರಳದ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ಕೂಟಕ್ಕೆ ದೊರೆತ ಒಂದೇ ಸ್ಥಾನ ಪೊನ್ನಾನಿಯಲ್ಲಿ ಮುಸ್ಲಿಂ ಲೀಗ್ ಗೆದ್ದದ್ದು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಮುಖ್ಯಮಂತ್ರಿ ಆಂಟನಿ ರಾಜೀನಾಮೆ ಕೊಟ್ಟು ಉಮ್ಮನ್ ಚಾಂಡಿಯವರಿಗೆ ದಾರಿ ಬಿಟ್ಟರು.

ಈ ಮೂರನ್ನೂ ವಕಾಲತ್ತಿನ ಅಳತೆಯಲ್ಲಿ ತೂಗಿದರೆ ಒಂದು ಕುತೂಹಲದ ಸಂಗತಿ ಹೊರಬೀಳುತ್ತದೆ. ಕಾರಣ ಮೂರರಲ್ಲಿಯೂ ಇತ್ತು, ಗಟ್ಟಿಯಾಗಿಯೇ ಇತ್ತು. ಮುನ್ಸೂಚನೆ ಒಂದರಲ್ಲಿಯೂ ಇರಲಿಲ್ಲ. ರಾಜೀನಾಮೆಯ ಸ್ವಭಾವವೇ ಹಾಗೆ. ಅದು ಒಂದು ಘಟನೆಗೆ ಕೊಟ್ಟ ಉತ್ತರ. ಸಿಟ್ಟು, ನಾಚಿಕೆ, ಹೊಣೆ, ಪ್ರತಿಭಟನೆ ಇವುಗಳಲ್ಲಿ ಯಾವುದಾದರೊಂದು ಅದರ ಬೆನ್ನಿಗಿರುತ್ತದೆ. ಜನ ಕೈತಟ್ಟುತ್ತಾರೆ, ಬಿಟ್ಟವರಿಗೆ ಒಂದು ಪ್ರಭೆ ಬರುತ್ತದೆ, ಆ ಪ್ರಭೆಯೇ ಮುಂದೆ ಇನ್ನೊಂದು ಅಧಿಕಾರಕ್ಕೆ ಮೆಟ್ಟಿಲಾಗುವುದೂ ಉಂಟು. 2004ರಲ್ಲಿ ಕೆಳಗಿಳಿದವರು 2006ರ ಅಕ್ಟೋಬರ್‌ನಲ್ಲಿ ದೇಶದ ರಕ್ಷಣಾ ಸಚಿವರಾದರು, 2014ರ ಮೇ ತಿಂಗಳವರೆಗೆ ಆ ಸ್ಥಾನದಲ್ಲಿ ಮುಂದುವರಿದರು.

ನಿವೃತ್ತಿಗೆ ಈ ಪ್ರಭೆ ಇಲ್ಲ. ಅದಕ್ಕೆ ಹಿನ್ನೆಲೆಯಾಗಿ ಒಂದು ಹಗರಣವಿಲ್ಲ, ಎದುರಿಗೆ ಒಬ್ಬ ಖಳನಿಲ್ಲ. ಒಂದು ಮಂಗಳವಾರ ಬೆಳಗ್ಗೆ ಎದ್ದು, ಮೈ ಇನ್ನೂ ನಡೆಯುತ್ತಿರುವಾಗ, ಕರೆಯುವವರು ಇನ್ನೂ ಕರೆಯುತ್ತಿರುವಾಗ, ಇನ್ನು ಬೇಡವೆಂದು ತನಗೆ ತಾನೇ ಹೇಳಿಕೊಳ್ಳಬೇಕು. ಮೂರು ಸಲ ರಾಜೀನಾಮೆ ಕೊಟ್ಟವರಿಗೂ ಇದು ಹೊಸ ಪರೀಕ್ಷೆಯೇ.

ಆ ಪರೀಕ್ಷೆ ಬಂದದ್ದು 2022ರಲ್ಲಿ. ರಾಜ್ಯಸಭೆಯಲ್ಲಿ ಅವರ ಅವಧಿ ಏಪ್ರಿಲ್ 2ಕ್ಕೆ ಮುಗಿಯುವುದಿತ್ತು. ವಯಸ್ಸು 81. ಇನ್ನೊಮ್ಮೆ ಸ್ಪರ್ಧಿಸುವುದಿಲ್ಲವೆಂದು ಅವರು ಅದಕ್ಕೂ ಮೊದಲೇ ಪಕ್ಷದ ಅಧ್ಯಕ್ಷೆಗೆ ತಿಳಿಸಿದರು. ಏಪ್ರಿಲ್ ಕೊನೆಯಲ್ಲಿ ದಿಲ್ಲಿಯ ವಾಸ ಮುಗಿಸಿ ತಿರುವನಂತಪುರದ ಮನೆಗೆ ಬಂದರು. ತೆರವಾದ ಸ್ಥಾನಕ್ಕೆ ಕಾಂಗ್ರೆಸ್ ಕಳಿಸಿದ್ದು ರಾಜ್ಯ ಮಹಿಳಾ ಕಾಂಗ್ರೆಸ್ಸಿನ ಅಧ್ಯಕ್ಷೆ, ವಕೀಲೆ ಜೆಬಿ ಮೇಥರ್ ಅವರನ್ನು. ಅವರು ಆಂಟನಿಯವರಿಗಿಂತ ಮೂವತ್ತೈದು ವರ್ಷಕ್ಕೂ ಹೆಚ್ಚು ಚಿಕ್ಕವರು. ಕೇರಳದಿಂದ ಕಾಂಗ್ರೆಸ್ಸಿನ ಮಹಿಳೆಯೊಬ್ಬರು ರಾಜ್ಯಸಭೆಗೆ ಹೋಗದೆ ಆಗಲೇ ನಾಲ್ಕು ದಶಕಗಳು ಕಳೆದಿದ್ದವು. ಒಬ್ಬರು ಎದ್ದ ಆಸನದಲ್ಲಿ ಎಷ್ಟು ವರ್ಷಗಳ ಬಾಕಿ ಕುಳಿತುಕೊಂಡಿತೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಸಂಶಯವಾದಿಗಳಿಗೆ ಇಲ್ಲಿ ಹೇಳಲು ಬೇಕಾದಷ್ಟಿದೆ, ಅದನ್ನು ಕೇಳಿಸಿಕೊಳ್ಳುವುದು ನ್ಯಾಯ. ಆಂಟನಿಯವರು ಕೊನೆಯ ಬಾರಿ ಜನರೆದುರು ನೇರ ಚುನಾವಣೆಗೆ ನಿಂತದ್ದು 2001ರಲ್ಲಿ. ಆಮೇಲಿನ ಸ್ಥಾನಗಳೆಲ್ಲ ಶಾಸಕರ ಮತದಿಂದ ಬಂದವು. ರಾಜ್ಯದಲ್ಲಿ 2016 ಮತ್ತು 2021ರ ಎರಡು ಸೋಲುಗಳ ನಂತರ ಅವರ ಪಕ್ಷದ ಕೈಯಲ್ಲಿ ಹಂಚಲು ಸ್ಥಾನಗಳೂ ಉಳಿದಿರಲಿಲ್ಲ. 81ನೆಯ ವಯಸ್ಸಿನಲ್ಲಿ ಬಿಟ್ಟದ್ದನ್ನು ಬಿಟ್ಟದ್ದೆನ್ನಬೇಕೇ, ಬಿಟ್ಟುಹೋಯಿತೆನ್ನಬೇಕೇ? 2023ರ ಆಗಸ್ಟಿನಲ್ಲಿ ಪ್ರಕಟವಾದ ಪಕ್ಷದ ಕಾರ್ಯಕಾರಿ ಸಮಿತಿಯಲ್ಲಿ ಅವರ ಹೆಸರು ಮತ್ತೆ ಇತ್ತಲ್ಲವೇ?

ಈ ಪ್ರಶ್ನೆಗಳಲ್ಲಿ ಹುರುಳಿದೆ. ಆದರೂ ಒಂದು ಮಾತು ಉಳಿಯುತ್ತದೆ. ಕೇಳಿದ್ದರೆ ಇನ್ನೊಂದು ಅವಧಿ ಸಿಗುತ್ತಿರಲಿಲ್ಲವೆಂದು ಹೇಳುವುದು ಕಷ್ಟ. ಅಷ್ಟು ಹಿರಿಯರಿಗೆ ಇಲ್ಲವೆನ್ನುವ ಧೈರ್ಯ ನಮ್ಮ ಪಕ್ಷಗಳಿಗೆ ಅಪರೂಪ. ಇಲ್ಲವೆನ್ನಲಾರದವರ ಮೇಲೆ ತನ್ನ ಹಿರಿತನದ ಭಾರ ಹೇರದಿರುವುದೇ ಇಂತಹ ನಿವೃತ್ತಿಯ ಮೊದಲ ಕಾರಣವಾಗಬಹುದು. ಹಿರಿಯ ವಕೀಲರೊಬ್ಬರು ವಾದ ಮಂಡಿಸುವಾಗ ತಡವರಿಸಿದರೆ ನ್ಯಾಯಾಧೀಶರು ಮರ್ಯಾದೆಯಿಂದ ಸುಮ್ಮನಿರುತ್ತಾರೆ, ಎದುರು ಪಕ್ಷದ ವಕೀಲರೂ ಸುಮ್ಮನಿರುತ್ತಾರೆ; ನಷ್ಟವಾಗುವುದು ಹಿಂದಿನ ಬೆಂಚಿನಲ್ಲಿ ಕುಳಿತ ಕಕ್ಷಿದಾರನಿಗೆ. ಆ ಬೆಂಚಿನ ಕಡೆಗೆ ಒಮ್ಮೆ ತಿರುಗಿ ನೋಡಿದವನಿಗೆ ಎದ್ದು ಹೋಗಲು ಬೇರೆ ಕಾರಣ ಬೇಕಾಗುವುದಿಲ್ಲ.

ಮುನ್ಸೂಚನೆಯ ಪಾಠಕ್ಕೆ ಬಂಗಾಳದತ್ತ ನೋಡಬೇಕು. ಜ್ಯೋತಿ ಬಸು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು. ಕೋರ್ಟಿಗಿಂತ ಕಾರ್ಮಿಕ ಸಂಘಟನೆಯನ್ನು ಆರಿಸಿಕೊಂಡವರು. 1977ರ ಜೂನ್ 21ರಿಂದ 2000ದ ನವೆಂಬರ್‌ವರೆಗೆ, 23 ವರ್ಷಗಳಿಗೂ ಮಿಕ್ಕಿ ಮುಖ್ಯಮಂತ್ರಿಯಾಗಿದ್ದು, 86ನೆಯ ವಯಸ್ಸಿನಲ್ಲಿ ಆರೋಗ್ಯದ ಕಾರಣಕ್ಕೆ ಕೆಳಗಿಳಿದರು. ಅವರ ನಿರ್ಗಮನ ಯಾರನ್ನೂ ಬೆಚ್ಚಿಬೀಳಿಸಲಿಲ್ಲ. ಬುದ್ಧದೇವ ಭಟ್ಟಾಚಾರ್ಯರು 1999ರಿಂದ ಉಪಮುಖ್ಯಮಂತ್ರಿಯಾಗಿ ಪಕ್ಕದಲ್ಲೇ ನಿಂತು ಕೆಲಸ ಕಲಿತಿದ್ದರು. ಬದಲಾವಣೆಯಾದ ಕೆಲ ತಿಂಗಳಲ್ಲೇ, 2001ರಲ್ಲಿ, ಹೊಸಬರ ನಾಯಕತ್ವದಲ್ಲಿ ಎಡರಂಗ ಚುನಾವಣೆ ಗೆದ್ದಿತು. ಹಿರಿಯರು ಇರುವಾಗಲೇ ಕಿರಿಯರು ಸಹಿ ಹಾಕಲು ಕಲಿತಿದ್ದರಿಂದ ಕೈ ನಡುಗಲಿಲ್ಲ.

ಹಾಗೆಂದು ನಿವೃತ್ತಿ ಎಲ್ಲವನ್ನೂ ಸರಿಪಡಿಸುವ ಮದ್ದಲ್ಲ. ಅದೇ ಎಡರಂಗ 2011ರಲ್ಲಿ ಸೋತಿತು. ಬುದ್ಧದೇವರು ತಮ್ಮ ಜಾದವ್‌ಪುರ ಕ್ಷೇತ್ರದಲ್ಲಿಯೇ ಸೋತರು. ಮದ್ರಾಸಿನಲ್ಲಿ ಕಾಮರಾಜರು 1963ರ ಅಕ್ಟೋಬರ್ 2ರಂದು, ಒಂಬತ್ತು ವರ್ಷಗಳ ಮುಖ್ಯಮಂತ್ರಿ ಪದವಿಯನ್ನು ತಾವಾಗಿ ಬಿಟ್ಟು ಪಕ್ಷದ ಕೆಲಸಕ್ಕೆ ನಡೆದರು. ಅಧಿಕಾರದ ಹಿರಿಯರು ಸಂಘಟನೆಗೆ ಮರಳಬೇಕೆಂಬ ಯೋಜನೆಗೆ ಅವರ ಹೆಸರೇ ನಿಂತಿತು. ನಾಲ್ಕು ವರ್ಷ ಕಳೆಯುವುದರೊಳಗೆ, 1967ರಲ್ಲಿ, ಆ ರಾಜ್ಯದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ವಿರುದುನಗರದಲ್ಲಿ ಸ್ವತಃ ಕಾಮರಾಜರು ಒಬ್ಬ ವಿದ್ಯಾರ್ಥಿ ನಾಯಕನೆದುರು ಸೋತರು. ಬಿಟ್ಟು ಹೋದವನು ತಾನು ಬಿಟ್ಟ ಮನೆ ಹಾಗೆಯೇ ಉಳಿಯಲಿ ಎಂದು ಬಯಸಬಹುದು, ಕರಾರು ಹಾಕಲಾರ.

ವ್ಯಕ್ತಿಯ ವಿವೇಕಕ್ಕೆ ಬಿಡದೆ ನಿಯಮವನ್ನೇ ಮಾಡಿದರೆ ಹೇಗೆ? ಕೇರಳ ಅದನ್ನೂ ಕಂಡಿದೆ. 2021ರ ಚುನಾವಣೆಯಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ ಸತತ ಎರಡು ಅವಧಿ ಮುಗಿಸಿದವರಿಗೆ ಟಿಕೆಟ್ ನಿರಾಕರಿಸಿತು; ಥಾಮಸ್ ಐಸಾಕ್, ಜಿ. ಸುಧಾಕರನ್ ಅವರಂತಹ ಸಚಿವರೂ ಹೊರಗುಳಿದರು. ಮರುವರ್ಷ ಕಣ್ಣೂರಿನ ಮಹಾಧಿವೇಶನ ಕೇಂದ್ರ ಸಮಿತಿಗೆ 75ರ ವಯೋಮಿತಿ ಹಾಕಿತು. ಪಿಣರಾಯಿ ವಿಜಯನ್ ಅವರಿಗೆ ವಿನಾಯಿತಿಯೂ ದೊರೆಯಿತು. ನಿಯಮ ಇದ್ದರೆ ಒಳ್ಳೆಯದು: ಯಾರೂ ಯಾರ ಮುಖ ನೋಡಿ ಹೇಳಬೇಕಾಗಿಲ್ಲ. ಆದರೆ ಅದು ನುರಿತ ಕೈಯನ್ನೂ ದಣಿದ ಕೈಯನ್ನೂ ಒಂದೇ ದಿನ ಮನೆಗೆ ಕಳಿಸುತ್ತದೆ, ಬಲಶಾಲಿಗೆ ಕಿಟಕಿಯನ್ನೂ ತೆರೆದಿಡುತ್ತದೆ. ಹಾಗಾಗಿ ನಿಯಮ ಬಂದ ಮೇಲೂ ಮನಸ್ಸಾಕ್ಷಿಗೆ ಕೆಲಸ ತಪ್ಪಿದ್ದಲ್ಲ.

ಪುರಾಣ ಬಲ್ಲವರಿಗೆ ಯಯಾತಿಯ ಕಥೆ ನೆನಪಿರುತ್ತದೆ. ಮುಪ್ಪು ಬಂದಾಗ ಅದನ್ನು ಒಪ್ಪಲಾರದೆ ಆ ಅರಸ ಮಕ್ಕಳ ಬಳಿ ಯೌವನವನ್ನು ಬೇಡಿದ. ಕಿರಿಯ ಮಗ ಪೂರು ಕೊಟ್ಟ. ಬಹುಕಾಲ ಭೋಗಿಸಿದ ಮೇಲೆ ಬಯಕೆ ಉಂಡು ತೀರುವಂಥದಲ್ಲವೆಂದು ಅರಿತು ಮರಳಿಸಿದ. ಕಥೆ ಕೇಳುವವರು ತಂದೆಯ ಅರಿವನ್ನು ಕೊಂಡಾಡುತ್ತಾರೆ. ಆ ಅರಿವಿಗೆ ಬೆಲೆ ತೆತ್ತದ್ದು ಮಗ. ಅವನು ಮುದುಕನಾಗಿ ಕಳೆದ ವರ್ಷಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಐವತ್ತು ದಾಟಿದರೂ ಯುವ ನಾಯಕರೆಂದು ಕರೆಸಿಕೊಳ್ಳುತ್ತ ಪಕ್ಷದ ಕಚೇರಿಯಲ್ಲಿ ಕುರ್ಚಿ ಜೋಡಿಸುವವರು ಪೂರುವಿನ ವಂಶದವರೇ.

ಉಳಿದದ್ದು ಮೂರನೆಯ ಅಳತೆ: ಬಾಕಿಯ ಸಂದಾಯ. ದಿಲ್ಲಿಯ ಮನೆ ಬಿಟ್ಟುಕೊಡುವುದು ಸುಲಭದ ಭಾಗ. ಅಧಿಕಾರದಲ್ಲಿದ್ದಾಗ ಮಾಡಿದ ತೀರ್ಮಾನಗಳ ಬಾಕಿ ಅಷ್ಟು ಬೇಗ ಚುಕ್ತಾ ಆಗುವುದಿಲ್ಲ. 2003ರ ಫೆಬ್ರವರಿಯಲ್ಲಿ, ಆಂಟನಿಯವರು ಮುಖ್ಯಮಂತ್ರಿಯಾಗಿದ್ದಾಗ, ವಯನಾಡಿನ ಮುತ್ತಂಗದಲ್ಲಿ ಭೂಮಿಗಾಗಿ ಕಾಡಿನಲ್ಲಿ ಗುಡಿಸಲು ಹಾಕಿ ಕುಳಿತ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಒಬ್ಬ ಆದಿವಾಸಿ ಸತ್ತ. ಒಬ್ಬ ಪೊಲೀಸನೂ ಸತ್ತ. ಆ ಕಾಡು ಕರ್ನಾಟಕದ ಗಡಿಗೆ ತಾಗಿಕೊಂಡೇ ಇದೆ. ಅಲ್ಲಿ ನಡೆದದ್ದನ್ನು ವಯನಾಡಿನ ಕನ್ನಡಿಗರು ಮರೆತಿಲ್ಲ. ಸ್ವಚ್ಛ ಕೈಯ ರಾಜಕಾರಣಿಯೆಂದು ಹೆಸರಾದವರ ಲೆಕ್ಕದ ಪುಸ್ತಕದಲ್ಲಿಯೂ ಇಂತಹ ಪುಟಗಳಿವೆ. ನಿವೃತ್ತಿ ಖುಲಾಸೆಯ ತೀರ್ಪಲ್ಲ. ಬಿಟ್ಟು ಬಂದವರು ಕೇಳಿದಾಗ ಉತ್ತರಿಸಲು ಬದ್ಧರು. ಅಧಿಕಾರದ ಪರದೆಯಿಲ್ಲದ ಕಾರಣ ಇನ್ನಷ್ಟು ಬದ್ಧರು.

ಮನೆಯ ಬಾಕಿಯೂ ಒಂದಿರುತ್ತದೆ. ಆಂಟನಿಯವರ ಸ್ಥಾನ ಮಗನಿಗೆ ಹೋಗಲಿಲ್ಲ. ಆ ಮಗ 2023ರ ಏಪ್ರಿಲ್‌ನಲ್ಲಿ ಎದುರು ಪಕ್ಷ ಸೇರಿ, 2024ರಲ್ಲಿ ಪತ್ತನಂತಿಟ್ಟದಿಂದ ಲೋಕಸಭೆಗೆ ಸ್ಪರ್ಧಿಸಿದರು. ಅಲ್ಲಿ ತನ್ನ ಪಕ್ಷದ ಅಭ್ಯರ್ಥಿಯೇ ಗೆಲ್ಲಬೇಕು, ಮಗ ಸೋಲಬೇಕು ಎಂದು ತಂದೆ ಬಹಿರಂಗವಾಗಿ ಹೇಳಿದರು. ಇದರಲ್ಲಿ ಯಾರು ಸರಿ ಎಂಬುದನ್ನು ಹೊರಗಿನವರು ತೀರ್ಮಾನಿಸಬೇಕಾಗಿಲ್ಲ. ಎದ್ದು ಬಂದು ಮನೆಯ ಜಗಲಿಯಲ್ಲಿ ಕುಳಿತವರನ್ನೂ ರಾಜಕಾರಣ ಹುಡುಕಿಕೊಂಡು ಬರುತ್ತದೆ, ಬಂದಾಗ ಕುರ್ಚಿಯ ಆಸರೆಯಿಲ್ಲದೆ ಮಾತಾಡಬೇಕಾಗುತ್ತದೆ ಎಂಬುದಷ್ಟನ್ನು ಗಮನಿಸಬಹುದು.

ಇಷ್ಟು ದೂರದ ದೊಡ್ಡವರ ಮಾತು ಗಡಿನಾಡಿನ ಕನ್ನಡಿಗರಿಗೆ ಏಕೆ? ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮರುವರ್ಷದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. ಆ ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರದ ದನಿಯಾಗಿ ನಿಂತರು. ಮುಂದೆ ಬೇರೆ ಬೇರೆ ಪಕ್ಷಗಳು, ಬೇರೆ ಬೇರೆ ಮನೆಮಾತಿನವರು ಆ ಸ್ಥಾನಕ್ಕೆ ಬಂದರು, ಹೋದರು. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಅವರು ತಿರುವನಂತಪುರದ ಸದನದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಮೊದಲ ಸದನದ ಮುಖಗಳಾವುವೂ ಇಂದು ಅಲ್ಲಿಲ್ಲ. ಆದರೆ ಕನ್ನಡದ ಮಾತೊಂದು ಅಲ್ಲಿ ಕೇಳಿಸಿತು. ವ್ಯಕ್ತಿಗಳು ಬದಲಾಗಿಯೂ ದನಿ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಸಂಖ್ಯೆಯಲ್ಲಿ ಕಡಿಮೆಯಿರುವ ಸಮುದಾಯಕ್ಕೆ ಇರುವ ಸ್ಥಾನಗಳೇ ಬೆರಳೆಣಿಕೆಯವು. ವಿಧಾನಸಭೆಯ ಮಾತು ಹಾಗಿರಲಿ. ಪಂಚಾಯತು ವಾರ್ಡು, ಶಾಲೆಯ ಆಡಳಿತ ಸಮಿತಿ, ಕನ್ನಡ ಸಂಘದ ಅಧ್ಯಕ್ಷತೆ, ವಾಚನಾಲಯದ ಕಾರ್ಯದರ್ಶಿತನ. ಇವುಗಳಲ್ಲಿ ಒಬ್ಬರೇ ಇಪ್ಪತ್ತೈದು, ಮೂವತ್ತು ವರ್ಷ ಕುಳಿತಿರುವುದು ಕಾಸರಗೋಡಿನಲ್ಲಿಯೂ ಉಂಟು, ತಾಳವಾಡಿಯಲ್ಲಿಯೂ ಉಂಟು, ಅಕ್ಕಲಕೋಟೆಯಲ್ಲಿಯೂ ಇರಬಹುದು. ಅವರ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ. ಬೇರೆ ಯಾರೂ ಮುಂದೆ ಬರುವುದಿಲ್ಲ, ಆದುದರಿಂದ ಇದ್ದೇನೆ ಎನ್ನುತ್ತಾರೆ. ಇವರಿದ್ದಾರಲ್ಲ, ನಾವೇಕೆ ಎನ್ನುತ್ತಾರೆ ಕಿರಿಯರು. ಎಂದವರೇ ಮಂಗಳೂರಿಗೋ ಬೆಂಗಳೂರಿಗೋ ಬಸ್ಸು ಹತ್ತುತ್ತಾರೆ. ಎರಡು ಮಾತೂ ಸತ್ಯ. ಒಂದರ ಬಾಲವನ್ನು ಇನ್ನೊಂದು ಕಚ್ಚಿಕೊಂಡಿದೆ.

ಕೊನೆಗೊಂದು ದಿನ ಹಿರಿಯರು ಹಾಸಿಗೆ ಹಿಡಿದಾಗ ಕೈತಪ್ಪುವುದು ಬರೀ ಸ್ಥಾನವಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಯಾವ ಆದೇಶವನ್ನು ಎತ್ತಿ ತೋರಿಸಬೇಕು, ಅರ್ಜಿಯ ನಮೂನೆ ಕನ್ನಡದಲ್ಲಿ ಬರದಿದ್ದರೆ ಯಾವ ಕಚೇರಿಯ ಬಾಗಿಲು ತಟ್ಟಬೇಕು, ಹಳೆಯ ಮನವಿಗೆ ಬಂದ ಉತ್ತರ ಯಾವ ಕಡತದಲ್ಲಿದೆ ಎಂಬುದೆಲ್ಲ ಆ ಒಂದು ತಲೆಯಲ್ಲಿತ್ತು. ಅದು ಬರಹದಲ್ಲಿ ಇಳಿದಿರಲಿಲ್ಲ, ಇನ್ನೊಬ್ಬರ ಕಿವಿಗೂ ಬಿದ್ದಿರಲಿಲ್ಲ. ಶೋಕಸಭೆಯಲ್ಲಿ ತುಂಬಲಾರದ ನಷ್ಟವೆಂದು ಎಲ್ಲರೂ ಹೇಳುತ್ತಾರೆ. ತುಂಬಲಾರದಂತೆ ಆದದ್ದು ಸಾವಿನಿಂದಲೇ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಇರುವಾಗಲೇ ಎರಡು ವರ್ಷದ ಮುನ್ಸೂಚನೆ ಕೊಟ್ಟು, ಮೂರು ಮಂದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಡತಗಳ ಕಟ್ಟು ಬಿಚ್ಚಿ ತೋರಿಸಿದ್ದರೆ ಅದರಲ್ಲಿ ಅರ್ಧ ಉಳಿಯುತ್ತಿತ್ತು.

ಹಾಗಾದರೆ ಹಿರಿಯ ರಾಜಕಾರಣಿ ಏಕೆ ನಿವೃತ್ತನಾಗಬೇಕು? ದೇಹ ದಣಿದಿದೆಯೆಂದಲ್ಲ, ದಣಿದ ದೇಹಗಳು ಎಷ್ಟೋ ಒಳ್ಳೆಯ ಕೆಲಸ ಮಾಡಿವೆ. ಸೋಲುವ ಭಯಕ್ಕೂ ಅಲ್ಲ. ಸೋಲು ಪ್ರಜಾಪ್ರಭುತ್ವದಲ್ಲಿ ಅವಮಾನವಲ್ಲ. ತಾನು ಬಿಟ್ಟ ಮೇಲೆ ಮುಂದೇನಾಗುತ್ತದೆ ಎಂಬುದನ್ನು ಕಣ್ಣಿನಿಂದ ನೋಡಲು, ತಪ್ಪಿದರೆ ಪಕ್ಕದಿಂದ ಹೇಳಲು ಬದುಕಿರುವಾಗ ಮಾತ್ರ ಸಾಧ್ಯ. ಸ್ಥಾನ ತನ್ನದಲ್ಲವೆಂಬುದನ್ನು ಜನರಿಗೂ ತನಗೂ ತೋರಿಸಿಕೊಡುವ ಅವಕಾಶ ಅದೊಂದೇ ಸಲ ಬರುತ್ತದೆ.

ನ್ಯಾಯಾಲಯಗಳಲ್ಲಿ ಒಂದು ರೂಢಿಯಿದೆ. ಮೊಕದ್ದಮೆಯ ನಡುವೆ ಕಕ್ಷಿದಾರ ಹೊಸ ವಕೀಲರನ್ನು ನೇಮಿಸಿಕೊಂಡರೆ, ಆ ಹೊಸ ವಕಾಲತ್ತಿನ ಮೇಲೆ ಹಳೆಯ ವಕೀಲರು ಆಕ್ಷೇಪವಿಲ್ಲವೆಂದು ಬರೆದು ಸಹಿ ಹಾಕುತ್ತಾರೆ. ಕಡತವನ್ನು ಕಟ್ಟಿ ಕೊಡುತ್ತಾರೆ. ಒಳ್ಳೆಯ ವಕೀಲರಾದರೆ ಕಿರಿಯರನ್ನು ಪಕ್ಕಕ್ಕೆ ಕರೆದು, ಎದುರು ಪಕ್ಷದ ಮೂರನೆಯ ಸಾಕ್ಷಿಯಲ್ಲಿ ಬಿರುಕಿದೆ ನೋಡಿ, ಅಲ್ಲಿ ಕೇಳಿ ಎಂದು ಕಿವಿಮಾತು ಹೇಳುವುದೂ ಉಂಟು. ಆಮೇಲೆ ಕೊಡೆ ತೆಗೆದುಕೊಂಡು ಮೆಟ್ಟಿಲಿಳಿಯುತ್ತಾರೆ. ಮೊಕದ್ದಮೆ ಮುಂದುವರಿಯುತ್ತದೆ. ಗಡಿನಾಡಿನ ಕನ್ನಡದ ಮೊಕದ್ದಮೆಗೆ 1956ರಿಂದ ವಾಯಿದೆಗಳು ಬೀಳುತ್ತಲೇ ಇವೆ. ಅದಿನ್ನೂ ಬಹುಕಾಲ ನಡೆಯುವುದಿದೆ. ಕಡತ ಕಟ್ಟಿಕೊಡುವ ಹಿರಿಯರೂ ಅದನ್ನು ಬಿಚ್ಚಿ ಓದುವ ಕಿರಿಯರೂ ಅದಕ್ಕೆ ಬೇಕು.